ಒಗೆದು ಬಳಸೋ ಅಂಡರ್‌ಪ್ಯಾಡ್: ಹಾಸಿಗೆ ಹಿಡಿದಿರೋ ನಮ್ಮಣ್ಣಂಗೆ ಎರಡು ವರ್ಷ ಹತ್ತಿರ ಬಳಸಿದ ಮೇಲೆ ಬರೀತಿರೋದು

ಮನೇಲಿ ಹಾಸಿಗೆ ಹಿಡಿದಿರೋರು ಇದ್ದು, ಅವರನ್ನ ನೋಡ್ಕೊಳ್ತಿರೋದು ನೀವೇ ಆಗಿದ್ರೆ ಇದು ನಿಮಗೆ ಬೇಕಾಗ್ಬಹುದು, ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ. ಅಂಡರ್‌ಪ್ಯಾಡ್ ಅಂದ್ರೆ ಹಾಸಿಗೆ ಒದ್ದೆ ಆಗದ ಹಾಗೆ ಪೇಷೆಂಟ್ ಕೆಳಗೆ ಹಾಸೋ, ನೀರು ಹೀರೋ ಹಾಸು. ನಾನು ಬಳಸ್ತಿರೋ ಬ್ರ್ಯಾಂಡ್ ಹೆಸರು ಹಾಕಲ್ಲ, ಯಾಕಂದ್ರೆ ಒಂದೇ ಥರದ ಮಾಲು ನಾಲ್ಕೈದು ಹೆಸರಲ್ಲಿ ಸಿಗುತ್ತೆ, ಹೆಸರಿಗಿಂತ ಏನು ನೋಡಿ ತಗೋಬೇಕು ಅನ್ನೋದು ಗೊತ್ತಿರಬೇಕು.

ನಮ್ಮನೇಲಿ ಅಪ್ಪನ್ನ ಅಣ್ಣ ಅಂತಲೇ ಕರೆಯೋದು. 2023ರ ನವೆಂಬರ್‌ನಲ್ಲಿ ಅಣ್ಣಂಗೆ ಸ್ಟ್ರೋಕ್ ಆಯ್ತು, ಎಡಗೈ ಎಡಗಾಲು ಎರಡೂ ಸ್ವಾಧೀನ ತಪ್ಪಿದ್ವು. ಆಸ್ಪತ್ರೆಯಿಂದ ಕಳಿಸುವಾಗ ಒಂದು ಕವರ್ ತುಂಬ ಮಾತ್ರೆ, ಒಂದು ಪ್ಯಾಕ್ ಡೈಪರ್, ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಿ ಅನ್ನೋ ಮಾತು, ಇಷ್ಟು ಕೊಟ್ರು. ಒದ್ದೆ ಮಾಡ್ಕೊಂಡ್ರೆ ಏನು, ರಾತ್ರಿ ಯಾರು ಏಳೋದು, ಹೇಗೆ ಎತ್ತಿದ್ರೆ ನಮ್ಮ ಸೊಂಟ ಉಳಿಯುತ್ತೆ, ಇದನ್ನ ಯಾರೂ ಕೂರಿಸಿ ಹೇಳ್ಲಿಲ್ಲ. ಮನೇಲಿ ಇರೋದು ನಾನು, ಅಮ್ಮ. ಅಮ್ಮಂಗೆ 68, ಶುಗರ್ ಇದೆ. ನಾನು ಮನೆಯಿಂದಲೇ ಕೆಲಸ ಮಾಡ್ತೀನಿ. ತಮ್ಮ ಹುಬ್ಬಳ್ಳಿಲಿ, ತಿಂಗಳಿಗೊಂದು ಸಲ ಬಂದು ಎರಡು ರಾತ್ರಿ ಅವನೇ ನೋಡ್ಕೊಂಡು ನಮ್ಮಿಬ್ಬರನ್ನ ಮಲಗೋಕೆ ಬಿಡ್ತಾನೆ, ಆ ಎರಡು ರಾತ್ರಿ ನಮಗೆ ಹಬ್ಬ.

ಮೊದಲ ಮೂರು ತಿಂಗಳು ಪೂರ್ತಿ ಡೈಪರ್. ದಿನಕ್ಕೆ ನಾಲ್ಕು, ಹೊಟ್ಟೆ ಕೆಟ್ಟ ದಿನ ಆರು. ಒಂದಕ್ಕೆ 40 ರೂಪಾಯಿ ಹತ್ತಿರ ಬೀಳ್ತಿತ್ತು, ತಿಂಗಳಿಗೆ 4800. ಅದರ ಕೆಳಗೆ ಹಾಸೋಕೆ ಬಿಸಾಕೋ ಅಂಡರ್‌ಪ್ಯಾಡ್ ದಿನಕ್ಕೆ ಎರಡು, 30 ರೂಪಾಯಿದು, ಅದು 1800. ಒಟ್ಟು 6600. ದುಡ್ಡು ಹೋದ್ರೆ ಹೋಗ್ಲಿ ಅಂದ್ರೆ ಅಣ್ಣನ ತೊಡೆ ಸಂದಿ ಕೆಂಪಗಾಗಿ ಸುಲಿಯೋಕೆ ಶುರುವಾಯ್ತು, ಬೆನ್ನ ಕೆಳಗೆ ಮೂಳೆ ಇರೋ ಕಡೆ ಚರ್ಮ ಬಣ್ಣ ತಿರುಗ್ತು. ಮನೆಗೆ ಬರೋ ಫಿಸಿಯೋ ನೋಡಿ, ಗಾಳಿ ಆಡಬೇಕು ಮೇಡಂ, 24 ಗಂಟೆ ಕಟ್ಟಿಡಬೇಡಿ ಅಂದ್ರು.

ಇನ್ನೊಂದು ವಿಷಯ ಕಸದ್ದು. ಒಂದಿನ ಬೆಳಗ್ಗೆ ಕಸದ ಆಟೋ ಬಂದಾಗ ಕಪ್ಪು ಕವರ್ ಹಂಗೇ ಕೊಟ್ಟೆ, ಆ ಪೌರಕಾರ್ಮಿಕ ಮಹಿಳೆ ಕವರ್ ಬಿಚ್ಚಿ ನೋಡಿ ಮುಖ ಆಚೆ ತಿರುಗಿಸ್ಕೊಂಡು, ಅಕ್ಕ ಇದನ್ನ ಪೇಪರ್‌ನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡಿ, ನಾವು ಕೈಯಲ್ಲೇ ಬೇರೆ ಮಾಡ್ಬೇಕಲ್ವಾ ಅಂದ್ರು. ಜೋರಾಗೇನೂ ಹೇಳ್ಲಿಲ್ಲ. ನಾನು ಆ ಮಾತನ್ನ ಇವತ್ತಿಗೂ ಮರೆತಿಲ್ಲ. ಬೆಂಗಳೂರಲ್ಲಿ ಹಸಿ ಕಸ, ಒಣ ಕಸ, ಈ ಥರದ ಸ್ಯಾನಿಟರಿ ಕಸ ಅಂತ ಮೂರು ಭಾಗ ಮಾಡ್ಲೇಬೇಕು ಅಂತ 2015ರಲ್ಲೇ ಹೈಕೋರ್ಟ್ ಹೇಳಿತ್ತು, 2016ರ ಘನತ್ಯಾಜ್ಯ ನಿಯಮದಲ್ಲೂ ಸುತ್ತಿ ಕೊಡ್ಬೇಕು ಅಂತಿತ್ತು, ನನಗೆ ಓದಿ ಗೊತ್ತಿತ್ತು, ನಿದ್ದೆ ಇಲ್ಲದ ತಲೆಗೆ ಅದು ನೆನಪಾಗಿರಲಿಲ್ಲ. ಈ ಡೈಪರ್ ಆಮೇಲೆ ಹೋಗೋದು ಎಲ್ಲಿಗೆ? ಮೇಲಿನ ಪದರ, ಹೊರಗಿನ ಶೀಟು ಎಲ್ಲ ಪ್ಲಾಸ್ಟಿಕ್, ಒಳಗೆ ನೀರು ಹೀರಿ ಜೆಲ್ ಆಗೋ ಪುಡಿ ಕೂಡ ಪೆಟ್ರೋಲಿಯಂ ಮೂಲದ್ದೇ, ಜೊತೆಗೆ ಮರದ ತಿರುಳು. ಗೊಬ್ಬರ ಆಗಲ್ಲ, ಮರುಬಳಕೆಗೂ ಸಾಮಾನ್ಯವಾಗಿ ಯಾರೂ ತಗೊಳ್ಳಲ್ಲ, ಎಷ್ಟೋ ಸಲ ಊರಾಚೆ ಕಸ ಸುರಿಯೋ ಕಲ್ಲು ಕ್ವಾರಿಗೆ ಹೋಗಿ ಬೀಳುತ್ತೆ. ಅಲ್ಲಿ ಗಾಳಿ ಇಲ್ಲದೆ ಕೊಳೆಯುವಾಗ ಆ ತಿರುಳು, ಮಲ ಎಲ್ಲ ಸೇರಿ ಮೀಥೇನ್ ಆಗುತ್ತೆ, ಭೂಮಿ ಬಿಸಿ ಮಾಡೋದ್ರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಬೆಂಗಳೂರಿನ ಕಸ ಸುರೀತಿದ್ದ ಹಳ್ಳಿಗಳಾದ ಮಾವಳ್ಳಿಪುರದ ಜನ, ಆಮೇಲೆ ಮಂಡೂರಿನ ಜನ ನಮ್ಮ ಕಸ ಸಹಿಸಿ ಸಹಿಸಿ ಕೊನೆಗೆ ರಸ್ತೆಗಿಳಿದು 2014ರಲ್ಲಿ ಮಂಡೂರಲ್ಲಿ ಕಸ ಸುರಿಯೋದು ನಿಂತಿದ್ದು ನಮಗೆಲ್ಲ ಗೊತ್ತಿರೋದೇ. ನಮ್ಮಣ್ಣನ ಕಸ ಇನ್ಯಾರದೋ ಊರಿನ ಬಾವಿ ಪಕ್ಕ ಅಂತ ಯೋಚನೆ ಬಂದ್ರೆ ಸಂಕಟ ಆಗ್ತಿತ್ತು.

ಅಮ್ಮ ಅಂದ್ಲು, ಬಿಡೇ, ನಮ್ಮತ್ತೆಗೆ ಮಾಡಿದ ಹಾಗೇ ಮಾಡೋಣ, ಹಳೇ ಪಂಚೆ ಬೇಕಾದಷ್ಟಿದೆ. ರಬ್ಬರ್ ಶೀಟ್ ಹಾಸಿ, ಅದರ ಮೇಲೆ ಪಂಚೆ ನಾಲ್ಕು ಮಡಿಕೆ ಮಾಡಿ ಹಾಸೋದು. ಚರ್ಮ ವಾರದಲ್ಲಿ ತಿಳಿಯಾಯ್ತು, ನಿಜ. ಆದ್ರೆ ಒಂದು ಸಲ ಒದ್ದೆ ಆದ್ರೆ ನಾಲ್ಕೂ ಮಡಿಕೆ ಒದ್ದೆ, ಪಕ್ಕಕ್ಕೆ ಹರಿದು ಬೆಡ್‌ಶೀಟ್ ಒದ್ದೆ, ದಿನಕ್ಕೆ ಎಂಟು ಹತ್ತು ಪಂಚೆ, ಮೂರು ಬೆಡ್‌ಶೀಟ್. ಹದಿನೈದು ದಿನಕ್ಕೆ ಅಮ್ಮನ ಸೊಂಟ ಹಿಡ್ಕೊಂಡು ಅವಳೂ ಹಾಸಿಗೆ ಹಿಡಿದ್ಲು. ಹಿಂದಿನ ಕಾಲದಲ್ಲಿ ಎಲ್ಲ ಬಟ್ಟೆಲೇ ಮಾಡ್ತಿದ್ರು, ಈಗಿನವರಿಗೆ ಪ್ಲಾಸ್ಟಿಕ್ ಬೇಕು ಅಂತ ಹೇಳೋರು ನಮ್ಮ ನೆಂಟರಲ್ಲೂ ಇದಾರೆ, ಅವರಿಗೆಲ್ಲ ನಾನು ಕೇಳೋದು ಒಂದೇ, ಆ ಬಟ್ಟೆ ಯಾರು ಒಗೀತಿದ್ರು? ಅಜ್ಜಿಗೆ ಮಾಡಿದಾಗ ಅಮ್ಮಂಗೆ 30 ವರ್ಷ, ಮನೇಲಿ ಇನ್ನಿಬ್ಬರು ಸೊಸೆಯಂದಿರಿದ್ರು, ಹಿತ್ತಲಲ್ಲಿ ಬಾವಿ ಇತ್ತು. ಈಗ ಬನಶಂಕರಿ ಹತ್ತಿರ ಮೊದಲನೇ ಮಹಡಿ ಬಾಡಿಗೆ ಮನೆ, ಇಬ್ಬರು ಹೆಂಗಸರು. ನೋಡ್ಕೊಳ್ಳೋರನ್ನ ಮುರಿದು ಹಾಕೋ ಪರಿಸರ ಕಾಳಜಿ ನನಗೆ ಬೇಡ, ಇದನ್ನ ಗಟ್ಟಿಯಾಗೇ ಹೇಳ್ತೀನಿ. ಈ ಅಂಡರ್‌ಪ್ಯಾಡನ್ನೂ ನಾನು ಆ ಲೆಕ್ಕದಲ್ಲೇ ಅಳೆದಿದ್ದು.

2024ರ ಫೆಬ್ರವರಿಲಿ ಮೊದಲು ಆನ್‌ಲೈನಲ್ಲಿ ಎರಡು ತರಿಸ್ದೆ, ಎರಡೂ ಸೇರಿ 500 ರೂಪಾಯಿಗೆ. ದಂಡ. ಕೆಳಗಿನ ಪದರ ಗಟ್ಟಿ ಪ್ಲಾಸ್ಟಿಕ್, ಮಗ್ಗುಲಾದ್ರೆ ಚರಚರ ಸದ್ದು, ಅಣ್ಣಂಗೆ ಎಚ್ಚರ ಆಗೋದು, ನಾಲ್ಕನೇ ಒಗೆತಕ್ಕೆ ಮಡಿಕೆಲಿ ಬಿರುಕು ಬಿಟ್ಟು ಸೋರೋಕೆ ಶುರು. ವಾಪಸ್ ತಗೊಳ್ಳಿ ಅಂದ್ರೆ ಬಳಸಿದ ಮಾಲು ಅಂತ ತಗೊಳ್ಲಿಲ್ಲ. ಆಮೇಲೆ ಜಯನಗರದಲ್ಲಿ ಒಂದು ಸರ್ಜಿಕಲ್ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದೋರು, ಪೇಷೆಂಟ್ ತೂಕ ಎಷ್ಟು, ಮಗ್ಗುಲು ತಾವೇ ಆಗ್ತಾರಾ, ಮೆಷಿನ್ ಇದ್ಯಾ ಕೈಯಲ್ಲಿ ಒಗೀತೀರಾ ಎಲ್ಲ ಕೇಳಿ, ಒಂದು ತಗೊಂಡು ಹೋಗಿ ವಾರ ನೋಡಿ, ಸರಿ ಹೋದ್ರೆ ಮಾತ್ರ ಉಳಿದಿದ್ದು ತಗೊಳ್ಳಿ ಅಂದ್ರು. ಹಂಗೆ ಹೇಳೋ ಅಂಗಡಿ ಸಿಕ್ಕಿದ್ದು ನಮ್ಮ ಪುಣ್ಯ. ಒಂದಕ್ಕೆ 750, ಆಮೇಲೆ ಐದು ಸೇರಿಸಿ ಒಟ್ಟು ಆರು ಆಯ್ತು, 4500 ರೂಪಾಯಿ.

ನೋಡೋಕೆ ದಪ್ಪ ಟವೆಲ್ ಥರ, ಮೂರಡಿಗೆ ಮೂರಡಿ ಹತ್ತಿರ. ಮೇಲೆ ಮೆತ್ತಗಿನ ಬಟ್ಟೆ, ಮಧ್ಯ ಹೀರ್ಕೊಳ್ಳೋ ದಪ್ಪ ಪದರ, ಕೆಳಗೆ ನೀರು ಇಳಿಯದ ಪದರ. ಈ ಕೊನೇದು ಪಿಯು, ಅಂದ್ರೆ ಪಾಲಿಯುರೆಥೇನ್ ಅನ್ನೋ ಮೆತ್ತಗಿನ ಪ್ಲಾಸ್ಟಿಕ್ ಆಗಿರಬೇಕು, ಬಟ್ಟೆ ಹಾಗೇ ಬಾಗುತ್ತೆ, ಸದ್ದು ಬರಲ್ಲ. ಹಳೇ ಗಟ್ಟಿ ಪ್ಲಾಸ್ಟಿಕ್ ಪದರದ್ದಾದ್ರೆ ಕೈಯಲ್ಲಿ ಹಿಚುಕಿದ್ರೆ ಗೊತ್ತಾಗುತ್ತೆ, ಅಂಗಡಿಲೇ ಹಿಚುಕಿ ನೋಡಿ. ಸುತ್ತ ಹೊಲಿಗೆ ಎರಡು ಸಾಲು ಇರ್ಬೇಕು, ಮೊದಲು ಬಿಡೋದು ಅಲ್ಲೇ. ಬಣ್ಣದ ವಿಷಯ ಯಾರೂ ಹೇಳಲ್ಲ, ತಿಳಿ ಬಣ್ಣದ್ದೇ ತಗೊಳ್ಳಿ. ಕಲೆ ಕಾಣಬಾರದು ಅಂತ ನಾನು ಮೊದಲು ಗಾಢ ನೀಲಿ ತಂದಿದ್ದೆ, ಅದ್ರಲ್ಲಿ ಮೂತ್ರ ಗಾಢ ಆಗಿದ್ಯಾ, ರಕ್ತ ಏನಾದ್ರೂ ಇದ್ಯಾ ಗೊತ್ತೇ ಆಗಲ್ಲ. ತಿಳಿ ಬಣ್ಣದ್ರಲ್ಲಿ ಒಂದಿನ ಕಾಫಿ ಬಣ್ಣ ಕಂಡು ಡಾಕ್ಟರ್‌ಗೆ ಫೋನ್ ಮಾಡಿದ್ದಕ್ಕೆ ಮೂತ್ರದ ಸೋಂಕು ಬೇಗ ಸಿಕ್ತು.

ಪ್ಯಾಕೆಟ್ ಮೇಲೆ ಎರಡು ಲೀಟರ್ ಹೀರುತ್ತೆ ಅಂತಿದೆ, ಅದನ್ನ ನಂಬಿ ಇಡೀ ದಿನ ಬಿಡಬೇಡಿ. ನಮ್ಮ ಅನುಭವದಲ್ಲಿ ಒಂದು ಸಲದ್ದು ಆರಾಮಾಗಿ ಹಿಡಿಯುತ್ತೆ, ಎರಡನೇ ಸಲಕ್ಕೆ ಮೇಲ್ಗಡೆ ತೇವ ಉಳಿಯುತ್ತೆ. ಡೈಪರ್‌ನಲ್ಲಿ ಆ ಜೆಲ್ ಪುಡಿ ತೇವ ಕಟ್ಟಿ ಇಟ್ಕೊಳ್ಳುತ್ತೆ, ಬಟ್ಟೆಗೆ ಆ ಶಕ್ತಿ ಇಲ್ಲ, ಅದಕ್ಕೆ ಒದ್ದೆ ಆದ ತಕ್ಷಣ ತೆಗೀಬೇಕು. ಹಂಗಾಗಿ ಇದು ಒಂದೇ ಸಾಕಾಗಲ್ಲ, ಹೊತ್ತು ಗೊತ್ತು ಮಾಡ್ಕೋಬೇಕು. ನಾವು ಬೆಳಗ್ಗೆ ಎದ್ದ ತಕ್ಷಣ, ತಿಂಡಿ ಆದ ಮೇಲೆ, ಆಮೇಲೆ ಎರಡೂವರೆ ಮೂರು ಗಂಟೆಗೊಂದು ಸಲ ಅಣ್ಣಂಗೆ ಯೂರಿನ್ ಬಾಟಲ್ ಕೊಡೋಕೆ ಶುರು ಮಾಡಿದ್ವಿ, ಹೇಗೂ ಮಗ್ಗುಲು ಬದಲಾಯಿಸೋಕೆ ಏಳ್ಲೇಬೇಕಲ್ಲ, ಎರಡೂ ಒಟ್ಟಿಗೇ. ಮೂರ್ನಾಲ್ಕು ವಾರಕ್ಕೆ ಅಣ್ಣನೇ ಬಲಗೈ ಎತ್ತಿ ಬಾಟಲ್ ಕಡೆ ತೋರಿಸೋಕೆ ಶುರು ಮಾಡಿದ್ರು. ಮಾತು ಇನ್ನೂ ತೊದಲ್ತಿತ್ತು, ಡೈಪರ್ ಕಟ್ಟುವಾಗ ಕಣ್ಣು ಮುಚ್ಕೊಂಡು ಗೋಡೆ ಕಡೆ ತಿರುಗ್ತಿದ್ದ ಮನುಷ್ಯ ಈಗ ನಮ್ಮನ್ನ ಕರೀತಿದ್ರು. ಡೈಪರ್ ಇದ್ದಾಗ ಹೇಳೋ ಅಗತ್ಯನೇ ಇರ್ಲಿಲ್ಲ ನೋಡಿ, ಆಗಿ ಹೋಗ್ತಿತ್ತು. ನನಗೆ ಈ ಪ್ಯಾಡ್ ಕೊಟ್ಟ ದೊಡ್ಡ ಲಾಭ ಇದು.

ಆ ವರ್ಷದ ಬೇಸಿಗೆ ನೆನಪಿದ್ಯಲ್ಲ, ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ. ರಬ್ಬರ್ ಶೀಟ್ ಮೇಲೆ ಮಲಗಿದ್ರೆ ಬೆನ್ನೆಲ್ಲ ಬೆವರಲ್ಲಿ ನೆಂದು ಬೆವರುಸಾಲೆ ಏಳ್ತಿತ್ತು, ಡೈಪರ್ ಒಳಗಂತೂ ಕೇಳೋದೇ ಬೇಡ. ಮಲಗಿದ್ದಲ್ಲೇ ಇರೋರಿಗೆ ಸೆಖೆ ಅಂದ್ರೆ ಎದ್ದು ನೆರಳಿಗೆ ಹೋಗೋ ಹಾಗಿಲ್ಲ, ನೀರು ಬೇಕು ಅಂತ ಕೇಳೋಕೂ ಬರಲ್ಲ ಕೆಲವರಿಗೆ. ಪ್ಯಾಡ್ ಮೇಲೆ ಇನ್ನೊಂದು ಒಣಗಿದ ಹತ್ತಿ ಪಂಚೆ ಒಂದೇ ಪದರ ಹಾಸ್ತಿದ್ವಿ, ಬೆವರು ಅದು ಕುಡಿಯುತ್ತೆ, ಬದಲಾಯಿಸೋದೂ ಸುಲಭ. ಎದುರು ಮನೆ ಗದಗಿನ ಅಕ್ಕ ಒಂದು ಹಳೇ ಸೀರೆಗಳ ಕೌದಿ ಹೊಲಿದು ಕೊಟ್ರು, ಅದನ್ನ ಹಾಸಿದ ದಿನ ಅಣ್ಣ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದ್ರು.

ಈಗ ಒಗೆಯೋ ವಿಷಯ, ಎಲ್ಲರೂ ಕೇಳೋದೂ ಇದನ್ನೇ. ನಾವು ಶುರು ಮಾಡಿದ್ದು 2024ರ ನೀರಿನ ಬರದಲ್ಲಿ, ಮಾರ್ಚ್‌ನಲ್ಲಿ ನಮ್ಮ ಬೋರ್ ಬತ್ತಿ ಟ್ಯಾಂಕರ್ ತರಿಸ್ತಿದ್ವಿ, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತಿದ್ದ ಹೊತ್ತು. ಆಗ ನನಗೆ ನಿಜವಾಗ್ಲೂ ಅನುಮಾನ ಬಂತು, ಕಸ ಉಳಿಸೋಕೆ ಹೋಗಿ ನೀರು ಚೆಲ್ತಿದೀವಾ ಅಂತ. ಬ್ರಿಟನ್‌ನ ಪರಿಸರ ಸಂಸ್ಥೆ 2008ರಲ್ಲಿ ಮಕ್ಕಳ ಬಟ್ಟೆ ಡೈಪರ್ ಬಗ್ಗೆ ಒಂದು ದೊಡ್ಡ ಲೆಕ್ಕ ಹಾಕಿತ್ತು, ಅದರ ಸಾರ ಏನಂದ್ರೆ ಬಟ್ಟೆ ಒಳ್ಳೇದೋ ಕೆಟ್ಟದ್ದೋ ಅನ್ನೋದು ನೀವು ಹೇಗೆ ಒಗೆದು ಒಣಗಿಸ್ತೀರಿ ಅನ್ನೋದ್ರ ಮೇಲಿದೆ. ಮೆಷಿನ್ ತುಂಬಿದ ಮೇಲೆ ಹಾಕಿ, ಕುದಿಯೋ ಬಿಸಿ ಬೇಡ, ಡ್ರೈಯರ್ ಬಿಟ್ಟು ಹಗ್ಗದ ಮೇಲೆ ಒಣಗಿಸಿದ್ರೆ ಲಾಭ, ಪದೇ ಪದೇ ಡ್ರೈಯರ್ ಹಾಕಿದ್ರೆ ಲಾಭ ಎಲ್ಲ ಹೋಯ್ತು. ಅವರಿಗೆ ಬಿಸಿಲು ಸಿಗೋದೇ ಕಷ್ಟ, ನಮಗೆ ದೇವರು ಕೊಟ್ಟಿದ್ದಾನೆ. ಇದನ್ನ ಓದಿದ ಮೇಲೆ ದಿನಾ ಒಗೆಯೋದು ಬಿಟ್ಟೆ. ಬಾಟಲ್ ಅಭ್ಯಾಸ ಆದ ಮೇಲೆ ದಿನಕ್ಕೆ ಒಂದೋ ಎರಡೋ ಪ್ಯಾಡ್ ಅಷ್ಟೇ ಒದ್ದೆ ಆಗೋದು. ಒದ್ದೆ ಆಗಿದ್ದನ್ನ ಗ್ಲೌಸ್ ಹಾಕ್ಕೊಂಡು ಒಂದೇ ಬಕೆಟ್ ತಣ್ಣೀರಲ್ಲಿ ಅದ್ದಿ ಹಿಂಡಿ ಬಾತ್‌ರೂಮ್ ನಲ್ಲಿ ಮೇಲೆ ನೇತು ಹಾಕೋದು, ಮಲ ಇದ್ರೆ ಮೊದಲು ಟಾಯ್ಲೆಟ್‌ಗೆ ತೊಳೆದು ಹಾಕಿ ಆಮೇಲೆ. ಬಿಸಿ ನೀರು ಮೊದಲೇ ಹಾಕಿದ್ರೆ ಮಲದ ಕಲೆ, ರಕ್ತದ ಕಲೆ ಕೂತು ಬಿಡುತ್ತೆ. ಎರಡು ದಿನಕ್ಕೊಂದು ಸಲ ಮೂರ್ನಾಲ್ಕು ಸೇರಿಸಿ, ಹಾಸಿಗೆ ಪಂಚೆಗಳ ಜೊತೆ, ಮನೆಯವರ ಬಟ್ಟೆ ಸೇರಿಸದೆ ಮೆಷಿನ್‌ಗೆ. ಕೊನೇ ಸಲ ಬಿಡೋ ನೀರನ್ನ ಬಕೆಟ್‌ಗೆ ಹಿಡಿದು ಫ್ಲಶ್‌ಗೆ. ಕರೆಂಟ್ ಬಿಲ್ ಗೃಹಜ್ಯೋತಿ ಮಿತಿ ಒಳಗೇ ಇದೆ.

ಕಂಡೀಷನರ್ ಖಂಡಿತ ಹಾಕಬೇಡಿ, ವಾಸನೆ ಚೆನ್ನಾಗಿರುತ್ತೆ ಅಂತ ಅಮ್ಮ ಹಾಕ್ತಿದ್ಲು, ತಿಂಗಳಲ್ಲಿ ನೀರು ಹೀರೋದೇ ನಿಂತು ಮೇಲ್ಗಡೆ ಜಾರಿ ಹೋಗ್ತಿತ್ತು, ಬಟ್ಟೆ ಮೇಲೆ ಅದೊಂಥರ ಎಣ್ಣೆ ಪೊರೆ ಥರ ಕೂರುತ್ತೆ. ಮೂರ್ನಾಲ್ಕು ಸಲ ಬರೀ ನೀರಲ್ಲಿ ಒಗೆದ ಮೇಲೆ ಸರಿ ಹೋಯ್ತು. ಬ್ಲೀಚ್ ಹಾಕಿದ್ರೆ ಕೆಳಗಿನ ಪದರ ಹಾಳು. ಇಸ್ತ್ರಿ ಬೇಡ.

ಒಣಗಿಸೋದು ಇದರ ನಿಜವಾದ ಕಷ್ಟ. ಬಿಸಿಲಿದ್ರೆ ಮಧ್ಯಾಹ್ನಕ್ಕೆ ಒಣಗುತ್ತೆ, ಜುಲೈ ಆಗಸ್ಟ್ ಜಿಟಿಜಿಟಿ ಮಳೇಲಿ ಎರಡೂವರೆ ದಿನ. ದಪ್ಪ ಇರೋದ್ರಿಂದ ಹೊರಗೆ ಒಣಗಿದ ಹಾಗೆ ಕಂಡ್ರೂ ಒಳಗೆ ತಣ್ಣಗಿರುತ್ತೆ, ಹಂಗೇ ಹಾಸಿದ್ರೆ ಮುಗ್ಗಲು ವಾಸನೆ, ಅಣ್ಣನ ಬೆನ್ನಿಗೆ ಫಂಗಸ್ ಆಯ್ತು ಒಂದು ಸಲ. ಆರು ಪ್ಯಾಡ್ ಇಟ್ಕೊಂಡಿದ್ದೇ ಇದಕ್ಕೆ, ಮಳೆಗಾಲಕ್ಕೆ ಅದೂ ಸಾಲಲ್ಲ, ಆ ಎರಡು ತಿಂಗಳು ಬಿಸಾಕೋದನ್ನೂ ಸೇರಿಸ್ಕೊಂಡೇ ನಡೆಸ್ತೀವಿ. ಮತ್ತೆ ಟೆರೇಸ್ ಎಲ್ಲರದ್ದೂ. ಮೇಲಿನ ಮನೆಯವರು ಇದೆಲ್ಲ ಇಲ್ಲಿ ಹಾಕ್ತೀರಾ ಅಂದಾಗ ಅಮ್ಮ ಅತ್ತುಬಿಟ್ಲು. ನಾನು ಹೋಗಿ ಹೇಗೆ ತೊಳೀತೀವಿ ಅಂತ ಹೇಳಿ, ಒಂದು ಮೂಲೆ ಹಗ್ಗ ನಮಗೇ ಅಂತ ಕಟ್ಟಿಸ್ಕೊಂಡೆ. ಈಗ ಮಳೆ ಹನಿ ಬಿದ್ರೆ ಅವರೇ ತೆಗೆದು ಮೆಟ್ಟಿಲ ಹತ್ತಿರ ಇಡ್ತಾರೆ, ಒಳ್ಳೇ ಜನ, ಗೊತ್ತಿರಲಿಲ್ಲ ಅಷ್ಟೇ.

ರಾತ್ರಿ ನಾವು ಇವತ್ತಿಗೂ ಡೈಪರ್ ಹಾಕ್ತೀವಿ, ಕೆಳಗೆ ಈ ಪ್ಯಾಡ್. ಹತ್ತೂವರೆಗೆ ಹಾಕಿದ್ರೆ ಬೆಳಗ್ಗೆ ಐದೂವರೆಗೆ ಬಿಚ್ಚೋದು, ಮಧ್ಯ ಮಗ್ಗುಲು ಬದಲಾಯಿಸೋಕೆ ಏಳೋದು ಇದ್ದೇ ಇದೆ, ಮನೆಗೆ ಬಂದ ನರ್ಸ್ ಗಾಳಿ ಹಾಸಿಗೆ ಹಾಕಿದ ಮೇಲೆ ರಾತ್ರಿ ಆ ಗ್ಯಾಪ್ ಸ್ವಲ್ಪ ಜಾಸ್ತಿ ಮಾಡಿ ಕೊಟ್ಟಿದ್ದಾರೆ. ನಮ್ಮ ಕಡೆಯವರೊಬ್ಬರು, ಹಗಲು ಬಟ್ಟೆಲಿ ಆಗುತ್ತೆ ಅಂದ್ರೆ ರಾತ್ರಿನೂ ಆಗುತ್ತಲ್ವಾ ಅಂದ್ರು. ಆಗುತ್ತೆ, ನಾನೋ ಅಮ್ಮನೋ ರಾತ್ರಿ ಮೂರು ಸಲ ಎದ್ದು ಹಾಸಿಗೆ ಪೂರ್ತಿ ಬದಲಾಯಿಸಿದ್ರೆ ಆಗುತ್ತೆ. ಅಮ್ಮನ ಶುಗರ್ ಮೊದಲ ಮೂರು ತಿಂಗಳಲ್ಲೇ 300 ದಾಟಿತ್ತು, ನಿದ್ದೆ ಇಲ್ಲ, ಹೊತ್ತಿಗೆ ಸರಿಯಾಗಿ ಊಟ ಇಲ್ಲ, ನಿಂತ್ಕೊಂಡೇ ಎರಡು ತುತ್ತು. ದಿನಕ್ಕೆ ನಾಲ್ಕು ಡೈಪರ್ ಇದ್ದಿದ್ದು ಒಂದಕ್ಕೆ ಬಂದಿದೆ, ಆ ಒಂದರ ಬಗ್ಗೆ ನನಗೆ ಯಾವ ಅಳುಕೂ ಇಲ್ಲ, ಪೇಪರ್‌ನಲ್ಲಿ ಸುತ್ತಿ ಕೆಂಪು ಪೆನ್‌ನಲ್ಲಿ ಗುರುತು ಹಾಕಿ ಆ ಅಕ್ಕನ ಕೈಗೇ ಕೊಡ್ತೀನಿ. ಭೇದಿ ಆದ ದಿನ, ಆಸ್ಪತ್ರೆಗೆ ಹೋಗೋ ದಿನ, ಮೈಯಲ್ಲಿ ಹುಣ್ಣಿದ್ದಾಗ ಕೂಡ ಬಿಸಾಕೋದೇ ಸರಿ, ಭೇದಿ ಬಟ್ಟೆ ಕೈಯಲ್ಲಿ ತೊಳೆದು ಮನೆಯವರಿಗೆಲ್ಲ ಅಂಟಿಸ್ಕೊಳ್ಳೋ ಅಗತ್ಯ ಇಲ್ಲ.

ಇನ್ನೊಂದು ಎಚ್ಚರಿಕೆ, ಪ್ಯಾಡ್ ಹಿಡಿದು ಪೇಷೆಂಟನ್ನ ಎಳೀಬೇಡಿ. ಪಕ್ಕದಲ್ಲಿ ಹಿಡಿ ಹೊಲಿದಿರೋ ಬೇರೆ ಥರದ್ದು ಅದಕ್ಕಂತಲೇ ಬರುತ್ತೆ. ನಮ್ಮದು ಅಂಥದ್ದಲ್ಲ, ಅವಸರದಲ್ಲಿ ಎಳೆದು ಒಂದರ ಹೊಲಿಗೆ ಬಿಟ್ಟಿತು, ನನ್ನ ಭುಜವೂ ಉಳುಕ್ತು. ಮಡಚಿದ ಬೆಡ್‌ಶೀಟ್ ಸೊಂಟದ ಕೆಳಗೆ ಹಾಸಿ ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸೋದನ್ನ ಫಿಸಿಯೋ ಹತ್ತಿರ ಕಲಿತ್ಕೊಳ್ಳಿ, ಅರ್ಧ ಗಂಟೆ ಸಾಕು.

ದುಡ್ಡಿನ ಲೆಕ್ಕ: ಮೊದಲು ತಿಂಗಳಿಗೆ 6600, ಈಗ ರಾತ್ರಿ ಡೈಪರ್ 1200, ಸೋಪು ನೀರು ಸೇರಿ ಇನ್ನೊಂದು 300. ಪ್ಯಾಡಿಗೆ ಹಾಕಿದ 4500 ಮೊದಲ ತಿಂಗಳಲ್ಲೇ ಹುಟ್ಟಿತು. ಉಳಿದ ದುಡ್ಡಲ್ಲಿ ವಾರಕ್ಕೆ ಮೂರು ದಿನ ಬೆಳಗ್ಗೆ ಎರಡು ಗಂಟೆ ಒಬ್ಬರು ಸಹಾಯಕ್ಕೆ ಬರ್ತಾರೆ, ಆ ಹೊತ್ತಲ್ಲಿ ಅಮ್ಮ ಪಾರ್ಕಿಗೆ ಹೋಗಿ ನಡೆದು, ಬರ್ತಾ ಸೊಪ್ಪು ತಂದು, ಕೂತ್ಕೊಂಡು ರಾಗಿ ಮುದ್ದೆ ಸೊಪ್ಪಿನ ಸಾರು ಉಣ್ತಾಳೆ. ಕೂತ್ಕೊಂಡು ಅನ್ನೋದನ್ನ ಗಮನಿಸಿ. ಅವಳ ಶುಗರ್ ಈಗ ಹತೋಟಿಲಿದೆ. ನಿಮ್ಮಲ್ಲಿ ಯಾರಿಗಾದ್ರೂ ತೀರ ಒಬ್ಬರೇ ಆಗಿ ದಿಕ್ಕು ತೋಚದೇ ಇದ್ರೆ ಹಿರಿಯರ ಸಹಾಯವಾಣಿ 14567 ಇದೆ, ದುಡ್ಡಿಲ್ಲದ ಕರೆ, ಹಿರಿಯರನ್ನ ನೋಡ್ಕೊಳ್ಳೋ ಮನೆಯವರೂ ಮಾಡ್ಬಹುದು.

ನನ್ನ ಕಡೆಯಿಂದ 5ಕ್ಕೆ 4. ಒಂದು ಕಳೆದಿದ್ದು ಮಳೆಗಾಲಕ್ಕೆ ಮತ್ತು ಪ್ಯಾಕೆಟ್ ಮೇಲಿನ ಆ ಎರಡು ಲೀಟರ್ ಮಾತಿಗೆ. ಪೇಷೆಂಟ್‌ಗೆ ಏನೂ ಅರಿವಿಲ್ಲ, ಹೊತ್ತಿಗೆ ಬಾಟಲ್ ಕೊಡೋಕಾಗಲ್ಲ, ಮನೇಲಿ ಮೆಷಿನ್ ಇಲ್ಲ, ಒಬ್ಬರೇ ನೋಡ್ಕೊಳ್ತಿದೀರಿ ಅಂದ್ರೆ ಒಂದೇ ಒಂದು ತಂದು ಡೈಪರ್ ಕೆಳಗೆ ಹಾಸಿ, ಬಿಸಾಕೋ ಅಂಡರ್‌ಪ್ಯಾಡ್ ಆದ್ರೂ ನಿಲ್ಲುತ್ತೆ, ಅಷ್ಟೇ ಸಾಕು.

ಆರರಲ್ಲಿ ಎರಡು ಈಗ ಸೋರ್ತಿವೆ, ಅವನ್ನ ಕತ್ತರಿಸಿ ಕಮೋಡ್ ಚೇರ್ ಕೆಳಗೆ ಹಾಸ್ತಿದೀವಿ. ಶನಿವಾರ ಜಯನಗರಕ್ಕೆ ಹೋಗಿ ಇನ್ನೆರಡು ತರ್ಬೇಕು, ಈ ಸಲ ಎರಡೂ ತಿಳಿ ಬಣ್ಣದ್ದೇ.